‘ಕೊಕ್’ ಎಂಬ ತಲೆಬರಹದ ಬಗ್ಗೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾಪುಟದ ಕೆಳಮೂಲೆಯಲ್ಲಿ ‘45ರ ಪಿಚರ್‌ಗೆ ಕೊಕ್’ ಎಂಬ ತಲೆಬರಹದಡಿ ನಾಲ್ಕೈದು ಸಾಲಿನ ಸುದ್ದಿಯೊಂದು ಪ್ರಕಟವಾಗಿತ್ತು. ಅಮೆರಿಕದ ಬೇಸ್‌ಬಾಲ್ ಪಿಚರ್ (ನಮ್ಮ ಬೌಲರ್‌ನಂತೆ ಬ್ಯಾಟರ್‌ಗೆ ಚೆಂಡು ಎಸೆಯುವವನು) ರಿಚ್ ಹಿಲ್ ಅವರನ್ನು ಕಾನ್ಸಸ್ ಸಿಟಿ ರಾಯಲ್ಸ್ ತಂಡ ಎರಡೇ ಪಂದ್ಯಗಳ ಬಳಿಕ ಕೈಬಿಟ್ಟಿತೆಂದೂ, 14 ತಂಡಗಳನ್ನು ಸುತ್ತಿಬಂದ ಈ ‘ಅಲೆಮಾರಿ’ಗೆ ಇನ್ನೆಲ್ಲೂ ಜಾಗ ಸಿಗುವುದು ಕಷ್ಟವೆಂದೂ ಅದರಲ್ಲಿತ್ತು. ಕ್ರಿಕೆಟ್ಟಿನ ನಡುವೆ ಬೇಸ್‌ಬಾಲಿಗೆ ಅಷ್ಟಾದರೂ ಜಾಗ ದೊರೆತದ್ದು ನನಗೆ ಸಂತೋಷವೇ. ಆದರೆ ‘ಕೊಕ್’, ‘ಅಲೆಮಾರಿ’ ಎಂಬ ಆ ಎರಡು ಪದಗಳನ್ನು ಓದಿ ಮುಗಿಸಿದ ಮೇಲೂ ಮನಸ್ಸು ಅಲ್ಲೇ ನಿಂತದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾದರೆ ಕತ್ತರಿಸುವ ಹಕ್ಕು ತಮ್ಮದು.

ನಾನು ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು. ‘ಕೊಕ್’ ಎಂಬ ಪದ ಪತ್ರಿಕೆಗಳಿಗೆ ಕೊಕ್ಕೊ ಆಟದಿಂದ ಬಂದದ್ದೆಂದು ತಿಳಿದಿದ್ದೇನೆ. ಆ ಆಟದಲ್ಲಿ ಕೊಕ್ ಕೊಟ್ಟವನು ಕುಳಿತುಕೊಳ್ಳುತ್ತಾನೆ. ಬೆನ್ನ ಮೇಲೆ ಕೊಕ್ ಪಡೆದವನು ಎದ್ದು ಓಡುತ್ತಾನೆ. ತಲೆಬರಹ ಬರೆಯುವವರು ಇದನ್ನು ಎಂದೋ ತಲೆಕೆಳಗು ಮಾಡಿದ್ದಾರೆ, ಅದಿರಲಿ. ಹಿಲ್ ಅವರ ಮಟ್ಟಿಗೆ ಮಾತ್ರ ಮೂಲ ಅರ್ಥವೇ ಹೆಚ್ಚು ಸರಿಹೊಂದುತ್ತದೆ.

ಬಾಸ್ಟನ್‌ನಲ್ಲಿ 1980ರ ಮಾರ್ಚ್‌ನಲ್ಲಿ ಹುಟ್ಟಿದ ಈ ಎಡಗೈ ಪಿಚರ್‌ನನ್ನು 2002ರಲ್ಲಿ ಆರಿಸಿಕೊಂಡದ್ದು ಶಿಕಾಗೊ ಕಬ್ಸ್ ತಂಡ. ಮೂರು ವರ್ಷಗಳ ನಂತರ ಅಲ್ಲಿನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗಿಗೆ ಬಂದ ಅವರು 2007ರಲ್ಲಿ 195 ಇನಿಂಗ್ಸ್ (ಎದುರಾಳಿಯ ಮೂವರು ಔಟಾದರೆ ಒಂದು ಇನಿಂಗ್ಸ್, ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆದು 183 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡಿದರು. ಇಪ್ಪತ್ತೇಳರ ಹರೆಯದಲ್ಲಿ ಇಂಥ ಋತುವೊಂದನ್ನು ಕಂಡ ಆಟಗಾರ ಇನ್ನು ಹತ್ತು ವರ್ಷ ಅದೇ ಮೈದಾನದಲ್ಲಿ ನೆಲೆಯೂರುತ್ತಾನೆಂದು ಯಾರಾದರೂ ಎಣಿಸುತ್ತಿದ್ದರು. ಮರುವರ್ಷವೇ ಬೆನ್ನು ಹಿಡಿಯಿತು, ಚೆಂಡಿನ ಮೇಲಿನ ಹತೋಟಿ ತಪ್ಪಿತು, ತಂಡ ಅವರನ್ನು ಕೆಳಹಂತದ ಮೈನರ್ ಲೀಗಿಗೆ ಇಳಿಸಿತು. 2009ರಲ್ಲಿ ಬಾಲ್ಟಿಮೋರ್ ತಂಡಕ್ಕೆ ದಾಟಿಸಲಾಯಿತು. ಅಲ್ಲಿ ಋತು ಮುಗಿಯುವ ಮೊದಲೇ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. 2011ರಲ್ಲಿ, ತವರೂರಿನ ಬಾಸ್ಟನ್ ರೆಡ್ ಸಾಕ್ಸ್ ಪರವಾಗಿ ಎಂಟು ಇನಿಂಗ್ಸ್‌ಗಳಲ್ಲಿ ತಮ್ಮ ಲೆಕ್ಕಕ್ಕೆ ಒಂದು ರನ್ನನ್ನೂ ಬಿಟ್ಟುಕೊಡದೆ ಎಸೆಯುತ್ತಿದ್ದಾಗ, ಮೊಣಕೈಯ ಒಳಬದಿಯ ಲಿಗಮೆಂಟ್ ಹರಿಯಿತು.

ಆ ಲಿಗಮೆಂಟ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ವೇಗದ ಬೌಲರ್ ಓಡಿಬಂದು, ಮೊಣಕೈ ನೆಟ್ಟಗಿಟ್ಟು ತೋಳು ತಿರುಗಿಸುತ್ತಾನೆ. ಹೊಡೆತ ಹೆಚ್ಚಾಗಿ ಬೀಳುವುದು ಬೆನ್ನೆಲುಬಿನ ಕೆಳಭಾಗಕ್ಕೆ ಮತ್ತು ಮುಂದಿನ ಕಾಲಿಗೆ. ಬೇಸ್‌ಬಾಲ್ ಪಿಚರ್ ನಿಂತಲ್ಲಿಂದಲೇ ಒಂದು ದಾಪುಗಾಲು ಹಾಕಿ, ಮೊಣಕೈ ಮಡಿಸಿ, ಕವಣೆಯಂತೆ ತೋಳನ್ನು ಹಿಂದಕ್ಕೆಳೆದು ಬಿಡುತ್ತಾನೆ. ಆ ಕ್ಷಣದಲ್ಲಿ ಮುಂಗೈ ಹಿಂದೆ ಉಳಿದು ಮೇಲ್ತೋಳು ಮುಂದೆ ಹೋಗುವುದರಿಂದ, ಮೊಣಕೈಯ ಒಳಬದಿ ಬಿಚ್ಚಿಕೊಳ್ಳದಂತೆ ಹಿಡಿದಿಡುವ ಕೆಲಸದ ದೊಡ್ಡ ಪಾಲು ಆ ಸಣ್ಣ ಪಟ್ಟಿಯ ಮೇಲೆಯೇ ಬೀಳುತ್ತದೆ. 1974ಕ್ಕೆ ಮೊದಲು ಅದು ಹರಿದರೆ ಆಟಗಾರ ಮನೆಗೆ ಹೋಗಬೇಕಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಎಡಗೈ ಪಿಚರ್‌ನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು, ಎಡ ಮೊಣಕೈಯ ಎಲುಬಿನಲ್ಲಿ ರಂಧ್ರ ಕೊರೆದು ಪೋಣಿಸಿ ಕಟ್ಟಿದರು. (ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ತುಸು ಮಡಿಸಿದರೆ ನಡುವೆ ಎದ್ದು ಕಾಣುವ ದಾರವೇ ಅದು, ಕೆಲವರಿಗೆ ಹುಟ್ಟಿನಿಂದಲೇ ಅದಿರುವುದಿಲ್ಲ, ಇಲ್ಲದಿದ್ದರೂ ಕೈಗೆ ಏನೂ ಕೊರತೆಯಾಗುವುದಿಲ್ಲ. ನನ್ನ ತರಗತಿಯ ಹುಡುಗರಿಗೆ ಇದನ್ನು ತೋರಿಸುವುದು ನನ್ನ ಹಳೆಯ ಚಟ.) ಟಾಮಿ ಜಾನ್ 1975ರ ಇಡೀ ಋತು ಕೂತು, 1976ರಲ್ಲಿ ಮರಳಿ, 1989ರವರೆಗೆ ಆಡಿದರು, ಅವರ 288 ಗೆಲುವುಗಳಲ್ಲಿ 164 ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರ. ಅಂದಿನಿಂದ ಆ ಚಿಕಿತ್ಸೆಗೆ ವೈದ್ಯರ ಹೆಸರಲ್ಲ, ರೋಗಿಯ ಹೆಸರೇ ಅಂಟಿಕೊಂಡಿದೆ. ಟಾಮಿ ಜಾನ್ ಹಾಸಿಗೆಗೇರಿದ್ದು 31ನೆಯ ವಯಸ್ಸಿನಲ್ಲಿ. ಹಿಲ್ ಕೂಡ ಎಡಗೈಯವರೇ, 2011ರಲ್ಲಿ ಇದೇ ಚಿಕಿತ್ಸೆಯಾದಾಗ ಅವರಿಗೂ 31.

ಗಾಯದ ಕಥೆ ಇಷ್ಟಾದರೆ ಕಾಗದಪತ್ರಗಳ ಕಥೆ ಬೇರೆಯೇ ಇದೆ. ನಿಮ್ಮ ತಲೆಬರಹ ಮುಚ್ಚಿಟ್ಟದ್ದು ಅದನ್ನು. ಮೇಜರ್ ಲೀಗಿನ ಪ್ರತಿ ತಂಡದಲ್ಲಿ ಈಗ ಕಣಕ್ಕಿಳಿಯಬಲ್ಲವರು 26 ಮಂದಿ. ಅವರನ್ನೂ ಒಳಗೊಂಡಂತೆ ತಂಡದ ಹಿಡಿತದಲ್ಲಿರುವ ಮುಖ್ಯ ಪಟ್ಟಿ 40 ಹೆಸರಿನದು. ಹೊಸಬನೊಬ್ಬ ಒಳಗೆ ಬರಬೇಕಾದರೆ ಹಳಬನೊಬ್ಬನ ಹೆಸರು ಹೊರಬೀಳಲೇಬೇಕು. ಆಟಗಾರ ಚೆನ್ನಾಗಿ ಆಡುತ್ತಿಲ್ಲ ಎಂಬುದು ಇದಕ್ಕೆ ಒಂದು ಕಾರಣವಷ್ಟೇ; ನಿನ್ನೆ ರಾತ್ರಿಯ ಪಂದ್ಯ ಹದಿನಾಲ್ಕು ಇನಿಂಗ್ಸ್‌ಗೆ ಎಳೆದು ಎಲ್ಲರ ತೋಳೂ ಸೋತಿದೆ, ನಾಳೆಗೆ ತಾಜಾ ತೋಳೊಂದು ಬೇಕು ಎಂಬುದೂ ಅಷ್ಟೇ ಸಾಕಾಗುವ ಕಾರಣ. ಗಾಯಗೊಂಡವರಿಗೆ ಪ್ರತ್ಯೇಕ ಪಟ್ಟಿಯಿದೆ. ಅದರಲ್ಲಿ 60 ದಿನಗಳ ವಿಭಾಗಕ್ಕೆ ಸೇರಿದವನ ಹೆಸರು 40ರ ಲೆಕ್ಕದಿಂದ ತಾತ್ಕಾಲಿಕವಾಗಿ ಬಿಟ್ಟುಹೋಗಿ ಇನ್ನೊಬ್ಬನಿಗೆ ಜಾಗವಾಗುತ್ತದೆ. ಆತ ಗುಣವಾಗಿ ಬಂದ ದಿನ ಮತ್ತೊಬ್ಬನ ತಲೆ ಹೋಗುತ್ತದೆ. ನೀವು ‘ಕೊಕ್’ ಎಂದು ಕರೆದದ್ದು ಈ ವ್ಯವಸ್ಥೆಯ ಒಂದು ಹಂತ ಮಾತ್ರ: ಹೆಸರನ್ನು 40ರ ಪಟ್ಟಿಯಿಂದ ತೆಗೆದು, ಏಳು ದಿನಗಳೊಳಗೆ ಆತನನ್ನು ಬೇರೆ ತಂಡಕ್ಕೆ ವಿನಿಮಯ ಮಾಡುವುದೋ, ಬೇಕಾದ ತಂಡ ಎತ್ತಿಕೊಳ್ಳಲೆಂದು ಎಲ್ಲರ ಮುಂದಿಡುವುದೋ, ಮೈನರ್ ಲೀಗಿಗೆ ಕಳಿಸುವುದೋ, ಪೂರ್ತಿ ಬಿಡುಗಡೆ ಮಾಡುವುದೋ ಎಂದು ತೀರ್ಮಾನಿಸುವುದು. ಆ ಏಳು ದಿನ ಆಟಗಾರ ಯಾವ ಊರಿಗೆ ಬಟ್ಟೆ ತುಂಬಿಕೊಳ್ಳಬೇಕೆಂದು ಅವನಿಗೇ ಗೊತ್ತಿರುವುದಿಲ್ಲ.

ಇದರಲ್ಲಿ ಹಣದ ಮಾತೂ ಇದೆ. ಮೇಜರ್ ಲೀಗಿನ ಪಟ್ಟಿಯಲ್ಲಿರುವಾಗ ಗಾಯವಾದರೆ ಸಂಬಳ ಪೂರ್ತಿ ಬರುತ್ತದೆ. ಪಿಂಚಣಿಗೆ ಬೇಕಾದ ಸೇವಾದಿನಗಳೂ ಕೂಡುತ್ತ ಹೋಗುತ್ತವೆ. ಆ ಮಟ್ಟದಲ್ಲಿ ಒಂದು ದಿನ ಕಳೆದರೂ ಆರೋಗ್ಯ ಸೌಲಭ್ಯಕ್ಕೆ ಅರ್ಹತೆ, 43 ದಿನಗಳಾದರೆ ಪಿಂಚಣಿಗೆ ಅರ್ಹತೆ. 2025ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 7,60,000 ಡಾಲರ್. ಅದಕ್ಕೆ ಒಂದೇ ಮೆಟ್ಟಿಲು ಕೆಳಗಿರುವ ಟ್ರಿಪಲ್-ಎ ಮಟ್ಟದ ಕನಿಷ್ಠ ಸಂಬಳ ವರ್ಷಕ್ಕೆ 17,500 ಡಾಲರ್ ಇದ್ದದ್ದು, ಮೈನರ್ ಲೀಗ್ ಆಟಗಾರರು 2022ರಲ್ಲಿ ಸಂಘ ಕಟ್ಟಿಕೊಂಡ ಮೇಲೆ, 2023ರ ಒಪ್ಪಂದದಲ್ಲಿ 35,800ಕ್ಕೆ ಏರಿತು. ಅಂದರೆ ಅದೇ ತೋಳಿನ ಅದೇ ಲಿಗಮೆಂಟ್ ಸೋಮವಾರ ಹರಿದರೆ ಒಂದು ಬದುಕು, ಮೈನರ್ ಲೀಗಿಗೆ ಇಳಿಸಿದ ಮಂಗಳವಾರ ಹರಿದರೆ ಇನ್ನೊಂದು ಬದುಕು. 2011ರಲ್ಲಿ ಹಿಲ್ ಮುಖ್ಯ ತಂಡದಲ್ಲಿದ್ದಾಗಲೇ ಕೈ ಕೊಟ್ಟಿತು ಎಂಬುದನ್ನು ಅದೃಷ್ಟವೆನ್ನಬೇಕೋ ಏನೋ. ಆ ವರ್ಷದ ಕೊನೆಗೆ ತಂಡ ಅವರ ಒಪ್ಪಂದವನ್ನು ಮುಂದುವರಿಸದೆ ಬಿಟ್ಟು, ಬಳಿಕ ಮೈನರ್ ಲೀಗ್ ಒಪ್ಪಂದದ ಮೇಲೆ ಮತ್ತೆ ಕರೆಸಿಕೊಂಡಿತು. ಆಟಗಾರನೂ ಅದೇ, ತಂಡವೂ ಅದೇ; ಹೊಣೆ ಮಾತ್ರ ಹಗುರವಾಯಿತು.

ಅನಂತರದ ಎರಡು ಮೂರು ವರ್ಷಗಳನ್ನು ಬೇಗ ದಾಟುತ್ತೇನೆ. 2013ರಲ್ಲಿ ಕ್ಲೀವ್‌ಲ್ಯಾಂಡ್ ಪರ 63 ಪಂದ್ಯಗಳಲ್ಲಿ ಸಣ್ಣ ಸಣ್ಣ ಪಾತ್ರ. 2014ರ ಆರಂಭದಲ್ಲಿ ಹಿಲ್ ದಂಪತಿ ನವಜಾತ ಶಿಶುವೊಂದನ್ನು ಕಳೆದುಕೊಂಡರು. ಅದೇ ವರ್ಷ ಬಾಸ್ಟನ್‌ನ ಮೈನರ್ ಲೀಗ್ ತಂಡದಿಂದ ಏಂಜಲ್ಸ್‌ಗೆ ಹೋಗಿ, ಎರಡು ಪಂದ್ಯಗಳಲ್ಲಿ ಒಬ್ಬನನ್ನೂ ಔಟ್ ಮಾಡದೆ ಹೊರಬಿದ್ದು, ಯಾಂಕೀಸ್ ಸೇರಿದರು. 2015ರ ಜೂನ್‌ನಲ್ಲಿ ವಾಷಿಂಗ್ಟನ್‌ನ ಮೈನರ್ ಲೀಗ್ ತಂಡದಿಂದಲೂ ಹೊರಬಂದಾಗ ವಯಸ್ಸು 35. ಯಾವ ಮೇಜರ್ ಲೀಗ್ ಸಂಸ್ಥೆಗೂ ಸೇರದ ಸ್ವತಂತ್ರ ಲೀಗಿನ ಲಾಂಗ್ ಐಲ್ಯಾಂಡ್ ಡಕ್ಸ್ ತಂಡಕ್ಕೆ ಹೋಗಿ, ವರ್ಷಗಳಿಂದ ಬಿಟ್ಟಿದ್ದ ಆರಂಭಿಕ ಪಿಚರ್‌ನ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. ಎರಡು ಪಂದ್ಯ, 11 ಇನಿಂಗ್ಸ್, ಒಂದೂ ರನ್ ಇಲ್ಲ, 21 ಸ್ಟ್ರೈಕ್‌ಔಟ್. ಬಾಸ್ಟನ್ ಮತ್ತೆ ಕರೆದು, ರೋಡ್ ಐಲ್ಯಾಂಡ್ ರಾಜ್ಯದ ಪಾಟಕೆಟ್ ಊರಿನ ತನ್ನ ಟ್ರಿಪಲ್-ಎ ತಂಡಕ್ಕೆ ಕಳಿಸಿತು.

ನಾನು ಅವರನ್ನು ನೋಡಿದ್ದು ಅಲ್ಲಿ. ಆ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ದೊಡ್ಡ ಪಂದ್ಯದ ಟಿಕೆಟ್ ದುಬಾರಿಯೆಂದು ಮಗ ನಮ್ಮನ್ನು ಪಾಟಕೆಟ್‌ನ ಮೆಕಾಯ್ ಕ್ರೀಡಾಂಗಣಕ್ಕೆ ಕರೆದೊಯ್ದಿದ್ದ. ಆ ಕ್ರೀಡಾಂಗಣದಲ್ಲಿ ಪ್ರೇಕ್ಷಕರ ಮುಂದಿನ ಸಾಲು ಆಟಗಾರರು ಕೂರುವ ಜಾಗದ ಮೇಲ್ಗಡೆ ಇದ್ದುದರಿಂದ, ಮಕ್ಕಳು ಪ್ಲಾಸ್ಟಿಕ್ ಬಾಟಲಿಯ ಹೊಟ್ಟೆ ಕೊಯ್ದು, ಒಳಗೆ ಚೆಂಡು ಮತ್ತು ಪೆನ್ನು ಇಟ್ಟು, ದಾರ ಕಟ್ಟಿ ಬಾವಿಗೆ ಬಿಂದಿಗೆ ಇಳಿಸುವಂತೆ ಕೆಳಗೆ ಇಳಿಬಿಡುತ್ತಿದ್ದರು. ಆಟಗಾರರು ಸಹಿ ಹಾಕಿ ದಾರ ಜಗ್ಗುತ್ತಿದ್ದರು. ನನ್ನ ಮೊಮ್ಮಗಳ ಬಾಟಲಿಯಲ್ಲಿ ಮೇಲೆ ಬಂದ ಸಹಿ ಯಾರದೆಂದು ಇಂದಿಗೂ ಓದಲಾಗಿಲ್ಲ. ಅಂದು ಎಸೆದ ಎತ್ತರದ ಎಡಗೈಯವನ ಚೆಂಡು ವೇಗವಾಗಿರಲಿಲ್ಲ. ಆದರೆ ಅವನ ಕರ್ವ್ ಬಾಲ್ ಬ್ಯಾಟರ್‌ನ ಎದೆಯ ಎತ್ತರದಲ್ಲಿ ಹೊರಟು ಮಂಡಿಯ ಕೆಳಗೆ ಬಿದ್ದುಹೋಗುವುದನ್ನು ಕಂಡು, ‘ಇವನೇಕೆ ಇಲ್ಲಿದ್ದಾನೆ?’ ಎಂದು ಮಗನನ್ನು ಕೇಳಿದ್ದೆ. ‘ವಯಸ್ಸಾಯ್ತಲ್ಲಪ್ಪ, ಎಲ್ಲ ಕಡೆ ಬಿಟ್ಟಿದ್ದಾರೆ’ ಎಂದಿದ್ದ. ಸೆಪ್ಟೆಂಬರ್‌ನಲ್ಲಿ ಆ ಮನುಷ್ಯ ಮೇಜರ್ ಲೀಗಿಗೆ ಏರಿ, ನಾಲ್ಕು ಪಂದ್ಯಗಳಲ್ಲಿ 29 ಇನಿಂಗ್ಸ್ ಎಸೆದು 36 ಸ್ಟ್ರೈಕ್‌ಔಟ್ ಗಳಿಸಿದ. ಆ ಚಳಿಗಾಲದಲ್ಲಿ ಓಕ್ಲೆಂಡ್ ತಂಡ ಒಂದು ವರ್ಷಕ್ಕೆ 60 ಲಕ್ಷ ಡಾಲರ್ ಕೊಟ್ಟಿತು.

ಇಷ್ಟು ಹೊತ್ತಿಗೆ ಭುಜ, ಮೊಣಕೈ ಎರಡೂ ಸಮಾಧಾನವಾಗಿದ್ದವು. ತೊಂದರೆ ಕೊಟ್ಟದ್ದು ಎಡಗೈ ನಡುಬೆರಳಿನ ತುದಿ. ಕರ್ವ್ ಬಾಲ್‌ಗೆ ತಿರುಗು ಕೊಡುವುದೇ ಆ ಬೆರಳು. ಚೆಂಡಿನ ಹೊಲಿಗೆಯ ದಾರಕ್ಕೆ ಮತ್ತೆ ಮತ್ತೆ ಉಜ್ಜಿ ಅಲ್ಲಿ ನೀರುಗುಳ್ಳೆ ಎದ್ದಿತು. 2016ರ ಜುಲೈನ ಒಂದು ಪಂದ್ಯದಲ್ಲಿ ಅವರು ಐದೇ ಎಸೆತ ಎಸೆದು ಹೊರನಡೆಯಬೇಕಾಯಿತು. ಗುಳ್ಳೆ ಒಣಗುವ ಮೊದಲೇ, ಗಾಯಾಳು ಪಟ್ಟಿಯಲ್ಲಿರುವಾಗಲೇ, ಆಗಸ್ಟ್ 1ರಂದು ಓಕ್ಲೆಂಡ್ ಅವರನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ದಾಟಿಸಿತು. ಹೊಸ ತಂಡಕ್ಕೆ ಅವರು ಮೊದಲ ಚೆಂಡು ಎಸೆದದ್ದು ಆಗಸ್ಟ್ 24ರಂದು.

ಸೆಪ್ಟೆಂಬರ್ 10ರಂದು ಮಯಾಮಿಯಲ್ಲಿ ಏಳು ಇನಿಂಗ್ಸ್ ಮುಗಿದಾಗ ಎದುರಾಳಿಯ ಇಪ್ಪತ್ತೊಂದು ಬ್ಯಾಟರ್‌ಗಳಲ್ಲಿ ಒಬ್ಬನೂ ಮೊದಲ ಬೇಸನ್ನು ಮುಟ್ಟಿರಲಿಲ್ಲ. ಇನ್ನು ಆರು ಮಂದಿಯನ್ನು ಹಾಗೆಯೇ ಕಳಿಸಿದ್ದರೆ ಅದು ‘ಪರ್ಫೆಕ್ಟ್ ಗೇಮ್’; ಮೇಜರ್ ಲೀಗಿನ ಇತಿಹಾಸದಲ್ಲಿ ಇಂದಿಗೂ ಅಂಥವು 24 ಮಾತ್ರ. ಹಿಲ್ ಎಸೆದದ್ದು 89 ಚೆಂಡು, ಸುಸ್ತಿನ ಪ್ರಶ್ನೆಯಿರಲಿಲ್ಲ. ಆದರೆ ವ್ಯವಸ್ಥಾಪಕ ಡೇವ್ ರಾಬರ್ಟ್ಸ್ ಬೆರಳಿನ ಚಿಂತೆಯಿಂದ ಅವರನ್ನು ಅಲ್ಲಿಗೇ ನಿಲ್ಲಿಸಿದರು. ಬದಲಿಗೆ ಬಂದ ಪಿಚರ್ ಎಂಟನೆಯ ಇನಿಂಗ್ಸ್‌ನಲ್ಲಿ ಹಿಟ್ (ಬ್ಯಾಟರ್ ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದು) ಬಿಟ್ಟುಕೊಟ್ಟ. ಪಂದ್ಯವನ್ನು ತಂಡ 5–0ಯಿಂದ ಗೆದ್ದಿತು. ರಾಬರ್ಟ್ಸ್ ಮಾಡಿದ್ದು ಸರಿಯೇ ಎಂದು ಆ ದೇಶದಲ್ಲಿ ಇನ್ನೂ ವಾದವಿದೆ. ನಾನು ಅವರ ಪಕ್ಷ. ಮುಂದೆ ಅಕ್ಟೋಬರ್‌ನ ನಿರ್ಣಾಯಕ ಪಂದ್ಯಗಳಿದ್ದವು, ಗುಳ್ಳೆ ಒಡೆದರೆ ಋತುವೇ ಹೋಗುತ್ತಿತ್ತು. ಹಾಗೆಂದು ಆ ಏಳು ಇನಿಂಗ್ಸ್ ಎಸೆದವನ ಮುಂದೆ ಕುಳಿತು ಈ ಮಾತನ್ನು ಹೇಳುವ ಧೈರ್ಯ ನನಗಿಲ್ಲ.

ಆ ವರ್ಷದ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಅವರೊಂದಿಗೆ ಮೂರು ವರ್ಷಕ್ಕೆ 4.8 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. 2017ರ ಆಗಸ್ಟ್ 23ರಂದು ಪಿಟ್ಸ್‌ಬರ್ಗ್‌ನಲ್ಲಿ ಇನ್ನೊಮ್ಮೆ ಅಂಥದ್ದೇ ರಾತ್ರಿ ಬಂತು. ಎಂಟು ಇನಿಂಗ್ಸ್ ಪರಿಪೂರ್ಣ. ಒಂಬತ್ತರಲ್ಲಿ ತನ್ನದೇ ತಂಡದ ಫೀಲ್ಡರ್‌ನ ತಪ್ಪಿನಿಂದ ಒಬ್ಬ ಬೇಸ್ ತಲುಪಿದ. ಆದರೂ ಹಿಟ್ ಇಲ್ಲ. ಡಾಡ್ಜರ್ಸ್ ಬ್ಯಾಟರ್‌ಗಳು ಒಂದು ರನ್ನನ್ನೂ ಗಳಿಸದ ಕಾರಣ ಪಂದ್ಯ ಹತ್ತನೆಯ ಇನಿಂಗ್ಸ್‌ಗೆ ಹೋಯಿತು. ಜಾಶ್ ಹ್ಯಾರಿಸನ್ ಹೊಡೆದ ಆ ರಾತ್ರಿಯ ಮೊದಲ ಹಿಟ್ಟೇ ಹೋಮ್ ರನ್ ಆಗಿ, ಪಂದ್ಯವೇ ಮುಗಿಯಿತು. ದಾಖಲೆ ಪುಸ್ತಕದಲ್ಲಿ ಹಿಲ್ ಅವರ ಹೆಸರಿನ ಮುಂದೆ ಇರುವುದು ಸೋಲು.

2019ರಲ್ಲಿ ಮಂಡಿ, ಮುಂಗೈ ಎರಡೂ ಕೈಕೊಟ್ಟವು. ಅಕ್ಟೋಬರ್‌ನಲ್ಲಿ, 39ರ ವಯಸ್ಸಿನಲ್ಲಿ, ಮೊಣಕೈಗೆ ಎರಡನೆಯ ಸಲ ಶಸ್ತ್ರಚಿಕಿತ್ಸೆಯಾಯಿತು. ಈ ಬಾರಿ ಹೊಸ ರಜ್ಜು ಕಸಿ ಮಾಡುವ ಬದಲು ಇದ್ದುದನ್ನೇ ಒಳಗಿನಿಂದ ಪಟ್ಟಿ ಕೊಟ್ಟು ದುರಸ್ತಿ ಮಾಡುವ, ಬೇಗ ಗುಣವಾಗುವ ವಿಧಾನವನ್ನು ಆರಿಸಿಕೊಂಡರು. ಆ ವಯಸ್ಸಿನಲ್ಲಿ ಒಂದೂವರೆ ವರ್ಷ ಕಾಯಲು ಯಾರಿಗೆ ಪುರುಸೊತ್ತು? ಮುಂದೆ ಮಿನೆಸೋಟ, ಟ್ಯಾಂಪಾ ಬೇ, ನ್ಯೂಯಾರ್ಕ್ ಮೆಟ್ಸ್, ಮತ್ತೆ ಬಾಸ್ಟನ್, ಪಿಟ್ಸ್‌ಬರ್ಗ್, ಸ್ಯಾನ್ ಡಿಯೇಗೊ, ಮತ್ತೊಮ್ಮೆ ಬಾಸ್ಟನ್. 2025ರ ಜುಲೈ 22ರಂದು ರಾಯಲ್ಸ್ ಪರ ಮೊದಲ ಪಂದ್ಯವಾಡಿದ್ದು ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ, ಇಪ್ಪತ್ತಮೂರು ವರ್ಷಗಳ ಹಿಂದೆ ಅವರನ್ನು ಆರಿಸಿಕೊಂಡಿದ್ದ ಕಬ್ಸ್ ವಿರುದ್ಧವೇ. ಅಂದು ಐದು ಇನಿಂಗ್ಸ್ ಚೆನ್ನಾಗಿಯೇ ಎಸೆದರು. ಎರಡನೆಯ ಪಂದ್ಯ ಕೆಟ್ಟಿತು. ಮರುದಿನವೇ ನಿಮ್ಮ ಸುದ್ದಿಯ ‘ಕೊಕ್’. ಹದಿನಾಲ್ಕು ತಂಡಗಳ ದಾಖಲೆ ಅವರೊಬ್ಬರದೂ ಅಲ್ಲ. ಎಡ್ವಿನ್ ಜಾಕ್ಸನ್ ಎಂಬ ಪಿಚರ್ ಮೊದಲೇ ಅಷ್ಟು ತಂಡಗಳಿಗೆ ಆಡಿದ್ದರು. ಇದನ್ನು ಸುದ್ದಿಯಲ್ಲಿ ಸೇರಿಸಬಹುದಿತ್ತು.

ಅಲೆಮಾರಿ ಎಂಬ ಪದಕ್ಕೆ ನನ್ನ ಆಕ್ಷೇಪ ಇಷ್ಟೇ: ಅಲೆಯುವವನು ತನ್ನ ಇಚ್ಛೆಯಿಂದ ಅಲೆಯುತ್ತಾನೆ. ಇಲ್ಲಿ ಊರು ಬದಲಾದದ್ದು ಕೆಲವೊಮ್ಮೆ ಭುಜದಿಂದ, ಕೆಲವೊಮ್ಮೆ ಮೊಣಕೈಯಿಂದ, ಬಹಳ ಸಲ ನಲವತ್ತರ ಪಟ್ಟಿಯಲ್ಲಿ ಜಾಗ ಸಾಲದ್ದರಿಂದ. ಕನ್ನಡದ ಓದುಗರಿಗೆ ಗಾಯದ ಸಂಕಟ ಹೊಸದಲ್ಲ. ಜಾವಗಲ್ ಶ್ರೀನಾಥ್ ಅವರಿಗೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾದಾಗ ಮೈಸೂರಿನಿಂದ ಬೀದರಿನವರೆಗೆ ಎಲ್ಲರಿಗೂ ಅವರ ಭುಜದ್ದೇ ಚಿಂತೆ. ಪ್ರಸಿದ್ಧ್ ಕೃಷ್ಣ ಬೆನ್ನೆಲುಬಿನ ಬಿರುಕಿನಿಂದ 2023ರ ಐಪಿಎಲ್ ಪೂರ್ತಿ ಹೊರಗುಳಿದದ್ದು ಇನ್ನೂ ಹಸಿಯಾಗಿದೆ. ಆದರೆ ಇಬ್ಬರೂ ಮಲಗಿದ್ದಾಗಲೂ ಕರ್ನಾಟಕದವರಾಗಿಯೇ ಇದ್ದರು. ಬ್ಯಾಂಡೇಜ್ ಬಿಚ್ಚುವ ಮೊದಲು ಅವರನ್ನು ಬರೋಡಕ್ಕೋ ವಿದರ್ಭಕ್ಕೋ ಯಾರೂ ದಾಟಿಸಲಿಲ್ಲ. ಈ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ತಿಳಿಸಿದ್ದರೂ ಸುದ್ದಿ ಬೇರೆಯಾಗಿ ಕಾಣುತ್ತಿತ್ತು.

ಇದು ಒಬ್ಬರ ಕಥೆಯೂ ಅಲ್ಲ. ಮೇಜರ್ ಲೀಗ್ ಆಡಳಿತವೇ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿಯ ಪ್ರಕಾರ, ಗಾಯಾಳು ಪಟ್ಟಿಗೆ ಪಿಚರ್‌ಗಳು ಸೇರಿದ ಪ್ರಕರಣಗಳು 2005ರಲ್ಲಿ 212 ಇದ್ದದ್ದು 2024ರಲ್ಲಿ 485 ಆಗಿವೆ. ಇದೇ ಅವಧಿಯ ಬಹುಭಾಗದಲ್ಲಿ, ಅಂದರೆ 2008ರಿಂದ 2024ರೊಳಗೆ, ನೇರ ವೇಗದ ಎಸೆತದ ಸರಾಸರಿ ಗಂಟೆಗೆ 147 ಕಿಲೋಮೀಟರ್‌ನಿಂದ 151 ಕಿಲೋಮೀಟರ್ ದಾಟಿದೆ. ಪ್ರತಿ ಚೆಂಡನ್ನೂ ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಎಸೆಯುವುದೇ ರೂಢಿಯಾಗಿದೆ ಎಂಬುದು ಅದರ ಸಾರ. ತೋಳು ಹೋದರೆ ಬದಲಿ ತೋಳು ಟ್ರಿಪಲ್-ಎ ಊರಿನಲ್ಲಿ ಕಾಯುತ್ತಿರುತ್ತದೆ ಎಂದು ಎಲ್ಲ ತಂಡಗಳಿಗೂ ಗೊತ್ತಿರುವಾಗ, ಹೀಗೆ ಎಸೆಯಬೇಡ ಎಂದು ಹುಡುಗನಿಗೆ ಯಾರು ಹೇಳುತ್ತಾರೆ? ಇಂಥ ಕಾಲದಲ್ಲಿ, 145 ಕಿಲೋಮೀಟರ್‌ಗೂ ಕಷ್ಟಪಡುತ್ತಿದ್ದ ತೋಳಿನಿಂದ, ಒಂದು ಕರ್ವ್ ಬಾಲ್ ನೆಚ್ಚಿಕೊಂಡು 45ರವರೆಗೆ ಎಸೆದವರನ್ನು ಕೆಳಮೂಲೆಯ ತಮಾಷೆಯಾಗಿ ಮುಗಿಸಬಾರದಿತ್ತು ಎನ್ನುವುದು ನನ್ನ ತಕರಾರು.

ಒಂದು ವಿನಂತಿ. ಇನ್ನು ಮುಂದೆ ಇಂಥ ಸುದ್ದಿ ಬಂದಾಗ, ಆಟಗಾರನನ್ನು ಗಾಯಾಳು ಪಟ್ಟಿಗೆ ಸೇರಿಸಿದರೋ, ಮೈನರ್ ಲೀಗಿಗೆ ಇಳಿಸಿದರೋ, ಏಳು ದಿನಗಳ ಗಡುವಿನಲ್ಲಿ ಇಟ್ಟರೋ, ಪೂರ್ತಿ ಬಿಡುಗಡೆ ಮಾಡಿದರೋ ಎಂಬುದನ್ನು ಬಿಡಿಸಿ ಬರೆಯಿರಿ. ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ನಾಲ್ಕು ಸರಳ ಕನ್ನಡ ಮಾತುಗಳು ಸಿಗದೇ ಇರುವುದಿಲ್ಲ. ‘ಕೊಕ್’ ಪದವನ್ನು ಕೊಕ್ಕೊ ಪಂದ್ಯಾವಳಿಯ ವರದಿಗೆ ಉಳಿಸಿಕೊಳ್ಳಬಹುದು. ಅಂದ ಹಾಗೆ, ನಮ್ಮ ತಾಲ್ಲೂಕು ಮಟ್ಟದ ಕೊಕ್ಕೊ ಪಂದ್ಯಾವಳಿ ಕಳೆದ ತಿಂಗಳು ನಡೆಯಿತು. ಅದರ ಫಲಿತಾಂಶ ನಿಮ್ಮಲ್ಲಿ ಬಂದಂತೆ ಕಾಣಲಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಶಿವಮೊಗ್ಗ ಜಿಲ್ಲೆ